ಪುಟಾಣಿ ಸೇನೆಗೆ ಮೊದಲು ಪೆಟ್ಟಿಗೆ, ಆಮೇಲೆ ಸೈನಿಕರು

ಪುಟಾಣಿ ಸೈನಿಕರನ್ನು ಕೂಡಿಡುವ ಹವ್ಯಾಸಕ್ಕೆ ನೂರರ ಗಡಿ ದಾಟುವವರೆಗೆ ಒಂದು ಗಾಜಿನ ಕಪಾಟು ಸಾಕು. ಲೆಕ್ಕ ಸಾವಿರ ಮುಟ್ಟಿದ ಮೇಲೆ ಜಾಗವೇ ಯಜಮಾನ. ದೊಡ್ಡ ಸಂಗ್ರಹದ ಆಸೆಯಿದ್ದವರು ಅಂಗಡಿಗೆ ಹೋಗುವ ಮುನ್ನ ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಬರೆದುಕೊಳ್ಳುವುದು ಲೇಸು.

ಅಳತೆ ಗೊತ್ತುಮಾಡಿ

ಯುದ್ಧದಾಟದ ಬೊಂಬೆಗಳು ಹೆಚ್ಚಾಗಿ 6, 10, 15 ಮತ್ತು 28 ಮಿಲಿಮೀಟರ್ ಎತ್ತರದ ಅಳತೆಗಳಲ್ಲಿ ಸಿಗುತ್ತವೆ. ಪ್ಲಾಸ್ಟಿಕ್‌ನಲ್ಲಿ 1:72 ಪ್ರಮಾಣದವೂ, ಅಂದರೆ ನಿಜದ ಆಳಿನ 72ರಲ್ಲಿ ಒಂದು ಪಾಲಿನವೂ ಇವೆ. ಅವು ಸುಮಾರು ಎರಡೂವರೆ ಸೆಂಟಿಮೀಟರ್ ಎತ್ತರ. ವಾಟರ್‌ಲೂ ಕದನದಲ್ಲಿ ನೆಪೋಲಿಯನ್ನನ ಕಡೆಯೊಂದರಲ್ಲೇ ಎಪ್ಪತ್ತು ಸಾವಿರಕ್ಕೂ ಹೆಚ್ಚು ಸೈನಿಕರಿದ್ದರು. ಇಪ್ಪತ್ತು ಮಂದಿಗೆ ಒಂದು ಬೊಂಬೆ ಎಂದು ಹಿಡಿದರೂ 3,500 ಬೇಕಾಗುತ್ತವೆ. ಅಷ್ಟನ್ನೂ 28 ಮಿಲಿಮೀಟರಿನಲ್ಲಿ ಮಾಡಲು ಹೊರಟರೆ ಮನೆಯವರು ಅಂಗಳಕ್ಕೆ ಹೋಗಬೇಕಾದೀತು! ಮುಖಭಾವ ಬರೆಯುವ ಹಂಬಲವಿದ್ದವರಿಗೆ 28, ದಂಡಿನ ವಿಸ್ತಾರ ಕಾಣಬೇಕೆನ್ನುವವರಿಗೆ 6 ಅಥವಾ 10. ನನ್ನ ಮತ ಎರಡನೆಯದಕ್ಕೆ.

ಬೇಸ್ ಮತ್ತು ಅಯಸ್ಕಾಂತ

15 ಮಿಲಿಮೀಟರ್ ಬೊಂಬೆಗಳಿಗೆ 40 ಮಿಲಿಮೀಟರ್ ಅಗಲದ ಬೇಸ್ (ಬೊಂಬೆಗಳನ್ನು ಅಂಟಿಸಿ ನಿಲ್ಲಿಸುವ ಅಡಿ ಬಿಲ್ಲೆ), ದೊಡ್ಡವಕ್ಕೆ 60 ಮಿಲಿಮೀಟರಿನದು ರೂಢಿಯಲ್ಲಿದೆ. ಯಾವುದಾದರೂ ಇರಲಿ, ಇಡೀ ಸೇನೆಗೆ ಒಂದೇ ಅಗಲವಿರಲಿ. ಅಂಟಿಸಿದ ಬೇಸ್ ಕಿತ್ತು ಹೊಸದು ಅಂಟಿಸುವಷ್ಟು ಬೇಸರದ ಕೆಲಸ ಈ ಹವ್ಯಾಸದಲ್ಲಿ ಮತ್ತೊಂದಿಲ್ಲ. ಬೇಸಿನ ಅಡಿಗೆ ತೆಳು ಉಕ್ಕಿನ ತಗಡು, ಪೆಟ್ಟಿಗೆಯ ತಳಕ್ಕೆ ಅಯಸ್ಕಾಂತದ ಹಾಳೆ ಹಾಕಿದರೆ ಬೊಂಬೆಗಳು ಅಲುಗುವುದಿಲ್ಲ. ಲೋಹದ ಕುದುರೆ ಸವಾರರ ಭಾರಕ್ಕೆ ಹಾಳೆ ಸಾಲದು. ಅವರ ಬೇಸಿನ ಅಡಿಗೆ ಪುಟ್ಟ ನಿಯೋಡಿಮಿಯಂ ಅಯಸ್ಕಾಂತ ಅಂಟಿಸಿ ಉಕ್ಕಿನ ತಳದ ಪೆಟ್ಟಿಗೆಯಲ್ಲಿಡಿ. ಅಲ್ಯೂಮಿನಿಯಂ ತಗಡು ಕೊಂಡರೆ ಹಣ ದಂಡ. ಬೊಂಬೆಗಳನ್ನು ಇಟ್ಟ ಮೇಲೆ ಪೆಟ್ಟಿಗೆಯನ್ನು ನಿಧಾನವಾಗಿ ಓರೆ ಮಾಡಿ ನೋಡಿ. ಅತಿ ಉದ್ದದ ಈಟಿ ಅಥವಾ ಬಾವುಟದ ತುದಿಗಿಂತ ಒಂದು ಬೆರಳಿನಷ್ಟು ಮೇಲೆ ಮುಚ್ಚಳವಿರಬೇಕು.

ತುಕಡಿ ತುಕಡಿಯಾಗಿ ಬಣ್ಣ

ಅಚ್ಚಿನ ಎಣ್ಣೆ ಹೋಗುವಂತೆ ಬೊಂಬೆಗಳನ್ನು ಸಾಬೂನು ನೀರಿನಲ್ಲಿ ತೊಳೆದು ಒಣಗಿಸಿ. ಲೋಹಕ್ಕೆ ಸೂಪರ್ ಗ್ಲೂ, ಗಟ್ಟಿ ಪಾಲಿಸ್ಟೈರೀನ್‌ಗೆ ಪ್ಲಾಸ್ಟಿಕ್ ಸಿಮೆಂಟ್. 1:72ರ ಮೆದು ಪ್ಲಾಸ್ಟಿಕ್ ಬೇರೆ ಜಾತಿಯದು: ಅಂಟು ಹಿಡಿಯುವುದು ಕಷ್ಟ, ಈಟಿ ಬಾಗಿದರೆ ಬಣ್ಣ ಎದ್ದು ಬರುತ್ತದೆ. ಅದಕ್ಕೆ ಬಾಗಿದರೂ ಬಿರಿಯದ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಬಳಿಯುವ ಅಡಿಲೇಪ ಬೇಕು. ತೇವದ ದಿನ ಸ್ಪ್ರೇ ಪ್ರೈಮರ್ ಮುಟ್ಟಬೇಡಿ, ಮೈಯೆಲ್ಲ ಪುಡಿಪುಡಿಯಾಗುತ್ತದೆ.

ಇಪ್ಪತ್ತು ಮೂವತ್ತು ಬೊಂಬೆಗಳನ್ನು ಸಾಲಾಗಿ ನಿಲ್ಲಿಸಿ, ಮೊದಲು ಎಲ್ಲರಿಗೂ ಅಂಗಿ, ಆಮೇಲೆ ಎಲ್ಲರಿಗೂ ಪಟ್ಟಿ, ಚರ್ಮ, ಆಯುಧ ಎಂದು ಒಂದೊಂದೇ ಬಣ್ಣ ಹಚ್ಚುತ್ತ ಹೋಗಿ. ನೀರಾದ ಕಡು ಬಣ್ಣವನ್ನು ಮೇಲೆ ಹರಿಯಬಿಟ್ಟರೆ ಮಡಿಕೆಗಳಲ್ಲಿ ನೆರಳು ತಾನಾಗಿ ಕೂರುತ್ತದೆ. ಕೊನೆಗೆ ಹೊಳಪಿನ ವಾರ್ನಿಷ್, ಅದರ ಮೇಲೆ ಮಂದ ವಾರ್ನಿಷ್. ದೂರದಿಂದ ನೋಡುವ ದಳಕ್ಕೆ ಕಣ್ಣುಗುಡ್ಡೆ ಬರೆಯುವುದು ಹಟವೇ ಹೊರತು ಅಗತ್ಯವಲ್ಲ.

ಸೀಸಕ್ಕೆ ಮರ ಶತ್ರು

ಲಂಡನ್ನಿನ ವಿಲಿಯಂ ಬ್ರಿಟನ್ ಸಂಸ್ಥೆ 1893ರಿಂದ ತಯಾರಿಸಿದಂಥ ಒಳಟೊಳ್ಳಾದ ಹಳೆಯ ಸೈನಿಕರಲ್ಲಿ ಸೀಸವೇ ಹೆಚ್ಚು. ಇವರನ್ನು ಚೆಂದದ ಓಕ್ ಮರದ ಪೆಟ್ಟಿಗೆಯಲ್ಲಿಟ್ಟರೆ ಅಪಾಯ. ಓಕ್, ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಎಂಡಿಎಫ್ ಹಲಗೆ, ಅಗ್ಗದ ರಟ್ಟು ಇವು ಹೊರಬಿಡುವ ಆಮ್ಲದ ಆವಿ ತೇವದೊಂದಿಗೆ ಸೇರಿದರೆ ಸೀಸ ಬಿಳಿ ಪುಡಿಯಾಗುತ್ತದೆ. ಅದು ಸೀಸದ ಕಾರ್ಬೊನೇಟ್, ವಿಷ. ಅಂಥ ಬೊಂಬೆ ಕಂಡರೆ ಉಳಿದವುಗಳಿಂದ ಬೇರೆ ಮಾಡಿ. ಕೈಗವಸು ಹಾಕಿಕೊಳ್ಳಿ, ಒಣ ಬ್ರಷ್ಷಿನಿಂದ ಉಜ್ಜಬೇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಸೀಸಕ್ಕೆ ಲೋಹದ ಅಥವಾ ಪಾಲಿಪ್ರೊಪಿಲೀನ್ ಪೆಟ್ಟಿಗೆ ಕ್ಷೇಮ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಸ್ಪಂಜಿನ ತಟ್ಟೆಯೂ ಶಾಶ್ವತವಲ್ಲ. ವರ್ಷಗಳು ಕಳೆದಂತೆ ಅದರ ಪಾಲಿಯುರೆಥೇನ್ ಉದುರಿ, ಜಿಗುಟಾಗಿ ಬಣ್ಣಕ್ಕೆ ಅಂಟುತ್ತದೆ.

ದಾಖಲೆ ಪುಸ್ತಕ

ಪ್ರತಿ ಪೆಟ್ಟಿಗೆಗೂ ಸಂಖ್ಯೆ ಕೊಟ್ಟು, ಅದೇ ಸಂಖ್ಯೆಯನ್ನು ಬೇಸುಗಳ ಅಡಿಯಲ್ಲೂ ಬರೆಯಿರಿ. ಒಳಗಿರುವ ದಳದ ಚಿತ್ರವನ್ನು ಹೊರಗೆ ಅಂಟಿಸಿ. ಪುಸ್ತಕದಲ್ಲಿ ಬೊಂಬೆಯ ತಯಾರಕರ ಜೊತೆಗೆ ಅಂಗಿಗೆ ಹಚ್ಚಿದ ನೀಲಿಯ ಹೆಸರು, ಬೆರಕೆಯ ಪ್ರಮಾಣವೂ ಇರಲಿ. ಮುಂದೆ ಹೊಸ ತುಕಡಿ ಸೇರಿಸುವಾಗ ಹಳೆಯ ಬಣ್ಣ ಹೊಂದಿಸಲು ಬೇರೆ ದಾರಿಯಿಲ್ಲ. ಲೋಹದ ಬೊಂಬೆಗಳ ಪೆಟ್ಟಿಗೆಗಳು ಕೆಳಗಿನ ಅರೆಯಲ್ಲಿ, ಪ್ಲಾಸ್ಟಿಕ್ ದಳಗಳು ಮೇಲೆ, ಬಿಸಿಲು ನೇರವಾಗಿ ಬೀಳದ ಗೋಡೆಯ ಪಕ್ಕದಲ್ಲಿ.