ಕಾಫಿಯಲ್ಲಿ ಫಿಲ್ಮ್ ತೊಳೆಯಲು ಹೋಗಿ ಸೋಡಾದಲ್ಲಿ ಎಡವಿದ್ದು

ಫಿಲ್ಮ್ ತೊಳೆಯುವ ಟ್ಯಾಂಕಿನಿಂದ ತೆಗೆದ ಮೊದಲ ರೋಲ್ ಪೂರ್ತಿ ಖಾಲಿ. ಬೆಳಕಿಗೆ ಹಿಡಿದರೆ ಗಾಜಿನ ಹಾಗೆ ಆಚೆ ಕಡೆಯದೆಲ್ಲ ಕಾಣುತ್ತಿತ್ತು. ಕ್ಯಾಮೆರಾ ಕೆಟ್ಟಿದೆಯೇನೋ ಅಂದುಕೊಂಡು ಫಿಲ್ಮಿನ ಅಂಚು ನೋಡಿದೆ. ಅಲ್ಲಿನ ನಂಬರುಗಳನ್ನು ಕಾರ್ಖಾನೆಯಲ್ಲೇ ಬೆಳಕು ಬಿಟ್ಟು ಅಚ್ಚು ಹಾಕಿರುತ್ತಾರೆ. ನಂಬರು ಇದ್ದು ಚಿತ್ರ ಇಲ್ಲ ಅಂದರೆ ಕ್ಯಾಮೆರಾದ ತಪ್ಪು. ನನ್ನದರಲ್ಲಿ ನಂಬರೂ ಇರಲಿಲ್ಲ. ಅಂದರೆ ಡೆವಲಪರ್, ಅಂದರೆ ಫಿಲ್ಮಿನಲ್ಲಿ ಚಿತ್ರ ಮೂಡಿಸುವ ದ್ರಾವಣ, ಕೆಲಸವನ್ನೇ ಮಾಡಿಲ್ಲ.

ನಾನು ಕಲಸಿದ್ದು ಕ್ಯಾಫೆನಾಲ್ ಅನ್ನುವ ಕಾಫಿ ಡೆವಲಪರ್. ಇನ್‌ಸ್ಟಂಟ್ ಕಾಫಿ, ವಾಷಿಂಗ್ ಸೋಡಾ, ವಿಟಮಿನ್ ಸಿ ಪುಡಿ, ನೀರು. ಅಷ್ಟೇ. 1995ರಲ್ಲಿ ಅಮೆರಿಕದ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಸ್ಕಾಟ್ ವಿಲಿಯಮ್ಸ್ ಮತ್ತು ಅವರ ವಿದ್ಯಾರ್ಥಿಗಳು ಕಾಫಿ, ಸೋಡಾ ಇಟ್ಟುಕೊಂಡು ಶುರು ಮಾಡಿದ್ದು. ವಿಟಮಿನ್ ಸಿ ಆಮೇಲೆ ಬಂದು ಸೇರಿತು. ಚಿತ್ರ ಮೂಡಿಸುವುದು ಕೆಫೀನ್ ಅಲ್ಲ, ಕಾಫಿಯಲ್ಲಿರುವ ಕೆಫೀಕ್ ಆಮ್ಲ. ಆದರೆ ನೀರು ಚೆನ್ನಾಗಿ ಕ್ಷಾರವಾಗಿದ್ದರೆ ಮಾತ್ರ ಅದಕ್ಕೆ ಚುರುಕು. ನಾನು ಸುಮ್ನೆ ಅಡುಗೆ ಸೋಡಾ ಹಾಕಿದ್ದೆ! ಎರಡೂ ಬಿಳಿ ಪುಡಿ, ಎರಡಕ್ಕೂ ಸೋಡಾ ಅಂತಲೇ ಹೆಸರು. ಅಡುಗೆ ಸೋಡಾದ ಕ್ಷಾರ ಇದಕ್ಕೆ ಏನೇನೂ ಸಾಲದು.

ಡಬ್ಬಿಯಲ್ಲಿ ಉಳಿದಿದ್ದನ್ನೇ ವಾಷಿಂಗ್ ಸೋಡಾ ಮಾಡಿಕೊಂಡೆ. ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ಹರಡಿ ಓವನ್‌ನಲ್ಲಿ 200 ಡಿಗ್ರಿಗೆ ಇಟ್ಟೆ. ಅಲ್ಯೂಮಿನಿಯಂ ತಟ್ಟೆ ಬೇಡ, ಸೋಡಾ ಅದನ್ನು ತಿನ್ನುತ್ತದೆ. ಬಿಸಿಗೆ ಆವಿಯೂ ಇಂಗಾಲದ ಡೈಆಕ್ಸೈಡೂ ಹೊರಟುಹೋಗುತ್ತವೆ. ಆಯಿತೋ ಇಲ್ಲವೋ ಅಂತ ತಕ್ಕಡಿಯೇ ಹೇಳುತ್ತದೆ: 100 ಗ್ರಾಂ ಇದ್ದದ್ದು 63 ಗ್ರಾಂಗೆ ಇಳಿದು ಅಲ್ಲೇ ನಿಲ್ಲಬೇಕು. ನನ್ನದು ಮೊದಲ ಸಲ 70ಕ್ಕೆ ನಿಂತಂತೆ ಕಂಡಿತು. ಕೈಯಾಡಿಸಿ ಮತ್ತೆ ಒಳಗಿಟ್ಟೆ.

ಅರ್ಧ ಲೀಟರ್ ನೀರಿಗೆ ಈ ಒಣ ಸೋಡಾ 27 ಗ್ರಾಂ, ವಿಟಮಿನ್ ಸಿ 8 ಗ್ರಾಂ, ಕಾಫಿ ಪುಡಿ 20 ಗ್ರಾಂ. ಹರಳು ಸೋಡಾ ತಂದಿದ್ದರೆ ಈ ಲೆಕ್ಕ ಹಿಡಿಯಬೇಡಿ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುತ್ತದೆ. ಮೊದಲು ಸೋಡಾ ಕರಗಿಸಿ. ನೀರು ಬೆಚ್ಚಗಾಗುತ್ತದೆ. ವಿಟಮಿನ್ ಸಿ ಬಿದ್ದಾಗ ನೊರೆ ಏಳುತ್ತದೆ. ಕಾಫಿ ಕೊನೆಗೆ. ನಾತ ಮಾತ್ರ ಕಾಫಿಯದ್ದಲ್ಲ, ಕೊಳೆತ ಹುಲ್ಲಿನದ್ದು. ಕಿಟಕಿ ತೆರೆದಿಡಿ. ಐದು ನಿಮಿಷ ಬಿಟ್ಟರೆ ಗುಳ್ಳೆ ಅಡಗುತ್ತವೆ, ನೀರೂ 20 ಡಿಗ್ರಿಗೆ ಇಳಿದಿದೆಯಾ ನೋಡಿಕೊಳ್ಳಬಹುದು. ನಾಳೆಗೆ ಎತ್ತಿಡುವ ಸರಕಲ್ಲ ಇದು, ಕಲಸಿದ ಹೊತ್ತಿಗೇ ಬಳಸಬೇಕು.

ಟ್ಯಾಂಕಿನಲ್ಲಿ 15 ನಿಮಿಷ. ಮೊದಲ ನಿಮಿಷ ಬಿಡದೆ ತಿರುವಿಹಾಕಿದೆ, ಆಮೇಲೆ ನಿಮಿಷಕ್ಕೆ ಮೂರು ಸಲ. ಕಂದು ಬಣ್ಣ ಹೋಗುವ ತನಕ ನೀರಲ್ಲಿ ತೊಳೆದು, ಮೂಡಿದ ಚಿತ್ರ ಬೆಳಕಿಗೆ ಕೆಡದಂತೆ ಮಾಡುವ ಮಾಮೂಲಿ ಫಿಕ್ಸರ್ ಹಾಕಿದೆ. ಉಪ್ಪುನೀರಲ್ಲೂ ಫಿಕ್ಸ್ ಮಾಡುತ್ತಾರೆ, ಆದರೆ ಅದಕ್ಕೆ ಗಂಟೆಗಟ್ಟಲೆ ಕಾಯಬೇಕು. ನನಗೆ ಅಷ್ಟು ತಾಳ್ಮೆ ಇಲ್ಲ.

ಈ ಸಲ ಮುಚ್ಚಳ ತೆಗೆದು ಮೊದಲು ನೋಡಿದ್ದೇ ಅಂಚನ್ನು. 12, 12ಎ, 13. ಕಪ್ಪಗೆ, ಓದುವಷ್ಟು ಸ್ಪಷ್ಟ. ಇಡೀ ನೆಗೆಟಿವ್‌ಗೆ ತೆಳು ಕಂದು ಬಣ್ಣ ಹಿಡಿದಿತ್ತು, ಸ್ಕ್ಯಾನ್ ಮಾಡುವಾಗ ಅದೇನೂ ಅಡ್ಡ ಬರಲಿಲ್ಲ. ಒಂದು ಫ್ರೇಮಿನ ಆಕಾಶದಲ್ಲಿ ಮಾತ್ರ ಮೂರು ದುಂಡು ಚುಕ್ಕೆ ಇವೆ. ಗುಳ್ಳೆ ಅಡಗುವ ತನಕ ಪೂರ್ತಿ ಕಾದಿರಲಿಲ್ಲ ನಾನು.