ಸವೆದ ತಾಮ್ರ ಎಲ್ಲಿಗೆ ಹೋಯಿತು?

ಪ್ಲಾಸ್ಮಾ, ಅಂದರೆ ಅಯಾನುಗಳಾಗಿ ಒಡೆದ ಅನಿಲ, ಲೋಹವನ್ನು ಹೇಗೆ ಸವೆಸುತ್ತದೆಂದು ನೋಡೋಕೆ ಹತ್ತು ಕೋಟಿ ಡಿಗ್ರಿಯ ಟೊಕಾಮಾಕ್ (ಪರಮಾಣು ಸಮ್ಮಿಳನದ ಯಂತ್ರ) ಬೇಕಿಲ್ಲ. ಗಾಜಿನ ಜಾರು, ರೋಟರಿ ಪಂಪು, ಕೆಲವು ನೂರು ವೋಲ್ಟಿನ ಡಿ.ಸಿ. ಸಪ್ಲೈ, ಆರ್ಗಾನ್ ಇದ್ದರೆ ಆಯಿತು. ಎಂ.ಎಸ್ಸಿ. ಪ್ರಾಜೆಕ್ಟ್ ಹುಡುಗರ ಜೊತೆ ಬಳ್ಳಾರಿಯಲ್ಲಿ ನಾನು ಮಾಡಿದ್ದು ಇಷ್ಟೇ. ಉಕ್ಕಿನ ಕೆಲಸದ ಸೀಮೆ ಇದು, ಆರ್ಗಾನ್ ಸಿಲಿಂಡರಿಗೆ ಬರವಿಲ್ಲ. ಟಂಗ್‌ಸ್ಟನ್ ಕೂಡ ವೆಲ್ಡಿಂಗ್ ಸಾಮಾನಿನ ಅಂಗಡಿಯದೇ, ಟಿಗ್ ರಾಡು. “ಕೆಂಪು ತುದಿದು ಒಯ್ರಿ ಸರ್, ಅದೇ ಚಲೋ ಐತಿ” ಅಂದ ಅಂಗಡಿಯವ. ಕೆಂಪು ತುದಿಯದರಲ್ಲಿ ಥೋರಿಯಂ ಇರುತ್ತದೆ, ವಿಕಿರಣಶೀಲ. ಅದು ಜಾರಿನ ತುಂಬ ಹರಡುವುದು ಬೇಡವೆಂದು ಹಸಿರು ತುದಿಯ ಶುದ್ಧ ಟಂಗ್‌ಸ್ಟನ್ ತಂದೆವು.

ಮೊದಲು ತಾಮ್ರದ ತಟ್ಟೆಯೇ ಕ್ಯಾಥೋಡ್, ಅಂದರೆ ಋಣ ತುದಿ. ಒತ್ತಡ 0.1 ಮಿಲಿಬಾರಿನ ಆಸುಪಾಸು. ಆರ್ಗಾನ್ ನೇರಳೆಯಾಗಿ ಹೊತ್ತಿಕೊಂಡಿತು. ಕ್ಯಾಥೋಡಿನ ಮೈಗೆ ಹತ್ತಿರ ಮಾತ್ರ ತೆಳುವಾದ ಹಸಿರು. ಕಿರಿದಾದ ಸೀಳು ಮಾಡಿ ಹಳೆಯ ಸಿ.ಡಿ. ತುಂಡಿನಲ್ಲಿ ನೋಡಿದರೆ ಹಸಿರು ಗೆರೆಗಳು ಬೇರೆಯಾಗಿ ಕಾಣುತ್ತವೆ. ಆರ್ಗಾನ್ ಅಯಾನುಗಳು ಬಡಿದು ತಟ್ಟೆಯಿಂದ ಕಿತ್ತು ಬಂದ ತಾಮ್ರದ ಪರಮಾಣುಗಳ ಬೆಳಕು ಅದು. ದೊಡ್ಡ ಯಂತ್ರಗಳಲ್ಲೂ ಟಂಗ್‌ಸ್ಟನ್ ಸವೆತವನ್ನು ಹೀಗೇ, 400.9 ನ್ಯಾನೊಮೀಟರಿನ ಗೆರೆ ನೋಡಿ ಅಳೆಯುತ್ತಾರೆ. ಸೊಂಡೂರು ಕಡೆಯ ಕೆಂಪು ಧೂಳಿನ ಒಂದು ಕಣ ಕ್ಯಾಥೋಡಿನ ಮೇಲಿದ್ದರೂ ಸಾಕು, ಅಲ್ಲಿ ಚಟ್ ಎಂದು ಆರ್ಕ್ ಹೊಡೆದು ಗುಳಿ ಬೀಳುತ್ತದೆ.

“ತೂಕ ಅಷ್ಟೇನೂ ಇಳಿದಿಲ್ರಿ ಸರ್” ಅಂದಳು ಒಬ್ಬ ಹುಡುಗಿ. ಇಳಿಯೋದಿಲ್ಲ. ಈ ಒತ್ತಡದಲ್ಲಿ ಪರಮಾಣು ಒಂದು ಮಿಲಿಮೀಟರ್ ಹೋಗುವಷ್ಟರಲ್ಲಿ ಆರ್ಗಾನಿಗೆ ಡಿಕ್ಕಿ ಹೊಡೆಯುತ್ತದೆ. ಹೊರಟ ತಾಮ್ರದಲ್ಲಿ ಒಂದು ಪಾಲು ತಟ್ಟೆಗೇ ವಾಪಸು. ಉಳಿದದ್ದು ಸುತ್ತ ಇಟ್ಟ ಗಾಜಿನ ಸ್ಲೈಡುಗಳ ಮೇಲೆ, ಅವುಗಳ ಹಿಂಬದಿಯಲ್ಲೂ! ಹಾಗಾಗಿ ತಕ್ಕಡಿಗಿಂತ ನನಗೆ ಸ್ಲೈಡಿನ ಮೇಲೇ ನಂಬಿಕೆ.

ಸಮ್ಮಿಳನ ಯಂತ್ರದಲ್ಲೂ ನಿಜವಾದ ತಲೆನೋವು ಇದೇ, ಸವೆದದ್ದು ಎಲ್ಲಿ ಹೋಗಿ ಕೂರುತ್ತದೆ ಅನ್ನೋದು. ಇಂಧನವಾದ ಡ್ಯೂಟೀರಿಯಂ (ಭಾರದ ಹೈಡ್ರೋಜನ್) ಗೋಡೆಯ ಇಂಗಾಲವನ್ನು ಬಡಿದು ಕೀಳುವುದಷ್ಟೇ ಅಲ್ಲ, ಅದರೊಡನೆ ಸೇರಿ ಹೈಡ್ರೊಕಾರ್ಬನ್ ಅನಿಲವಾಗಿಸಿ ಒಯ್ಯುತ್ತದೆ. ಬ್ರಿಟನ್ನಿನ ಟೊಕಾಮಾಕ್ ಜೆಟ್‌ನಲ್ಲಿ 1997ರ ಟ್ರಿಟಿಯಂ (ಇನ್ನೂ ಭಾರದ, ವಿಕಿರಣಶೀಲ ಹೈಡ್ರೋಜನ್) ಪ್ರಯೋಗದ ನಂತರ, ಪ್ಲಾಸ್ಮಾ ತಾಗದ ತಣ್ಣನೆಯ ಮೂಲೆಗಳಲ್ಲಿ ಕೂತ ಇಂಗಾಲದ ಪದರ ಟ್ರಿಟಿಯಂ ನುಂಗಿಕೊಂಡಿತ್ತು. 2011ರ ಹೊತ್ತಿಗೆ ಅಲ್ಲಿ ಬೆರಿಲಿಯಂ, ಟಂಗ್‌ಸ್ಟನ್ ಗೋಡೆ ಬಂತು. ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಟೊಕಾಮಾಕ್ ಈಟರ್ 2023ರಲ್ಲಿ ಬೆರಿಲಿಯಂ ಕೈಬಿಟ್ಟು ಟಂಗ್‌ಸ್ಟನ್ನಿಗೆ ಹೊರಳಿತು. ಡ್ಯೂಟೀರಿಯಂ ಅಯಾನಿಗೆ ಸುಮಾರು 220 ಇಲೆಕ್ಟ್ರಾನ್ ವೋಲ್ಟ್ ಶಕ್ತಿ ಇಲ್ಲದಿದ್ದರೆ ಟಂಗ್‌ಸ್ಟನ್ ಜಗ್ಗುವುದಿಲ್ಲ. ಆದರೆ ಭಾರದ ಕಲ್ಮಶ ಅಯಾನುಗಳಿಗೆ ಅಷ್ಟು ಶಕ್ತಿ ಬೇಡ. ಕಿತ್ತ ಟಂಗ್‌ಸ್ಟನ್ ಪ್ಲಾಸ್ಮಾದ ನಡುವಿಗೆ ಹೋದರೆ, ಲಕ್ಷಕ್ಕೆ ಕೆಲವೇ ಪರಮಾಣು ಇದ್ದರೂ ಶಾಖವನ್ನು ಬೆಳಕಾಗಿ ಹೊರಚೆಲ್ಲಿ ತಣ್ಣಗಾಗಿಸುತ್ತದೆ.

ನಮ್ಮ ಟಂಗ್‌ಸ್ಟನ್ ರಾಡಿನ ಸ್ಲೈಡು ಬೂದು ಬಣ್ಣಕ್ಕೆ ತಿರುಗಲು ತಾಮ್ರಕ್ಕಿಂತ ಬಹಳ ಹೊತ್ತು ಹಿಡಿಯಿತು. ಯಾರಾದರೂ ಮಾಡುವುದಾದರೆ ಜಾರಿನ ಒಳಗೆ ಬೇರೊಂದು ತೆಳು ಗಾಜಿನ ಕೊಳವೆ ಇಡಿ, ಪದರ ಜಾರಿನ ಬದಲು ಅದರ ಮೇಲೆ ಕೂರಲಿ. ತಾಮ್ರದ ಪದರ ದುರ್ಬಲ ನೈಟ್ರಿಕ್ ಆಮ್ಲಕ್ಕೆ ಬಿಡುತ್ತದೆ, ಫ್ಯೂಮ್ ಹುಡ್ ಒಳಗೇ ತೊಳೆಯಬೇಕು. ಟಂಗ್‌ಸ್ಟನ್ನಿಗೆ ಬೆಚ್ಚಗಿನ ಹೈಡ್ರೋಜನ್ ಪೆರಾಕ್ಸೈಡ್ ಬೇಕು.