ಬೆಲೆಮಿತಿಯ ಮನೆ ಮಾರಲು ಹೊರಟವರಿಗೆ

ಸ್ಥಳೀಯ ದುಡಿಮೆಗಾರರಿಗೆಂದು ನಗರಾಡಳಿತವು ಕಡಿಮೆ ದರದಲ್ಲಿ ಕೊಟ್ಟ ಮನೆಯನ್ನು ಮಾರಬೇಕೆನಿಸಿದರೆ ಮೊದಲೇ ದಲ್ಲಾಳಿಯನ್ನು ಹುಡುಕಬೇಡಿ. ಇಂಥ ಮಾರಾಟಗಳ ಕಾಗದಪತ್ರ ನೋಡುವುದೇ ನನ್ನ ಕಸುಬು. ನಾನು ಮೊದಲು ಕೇಳುವುದು ಕ್ರಯಪತ್ರದೊಂದಿಗೆ ನೋಂದಣಿಯಾದ ನಿರ್ಬಂಧ ಪತ್ರವನ್ನು, ಅಂದರೆ ಮನೆಯ ಮರುಮಾರಾಟಕ್ಕೆ ಹಾಕಿದ ಷರತ್ತುಗಳ ಪತ್ರವನ್ನು, ಅದೂ ಎಲ್ಲ ಪುಟಗಳ ಸಮೇತ.

ಅದರಲ್ಲಿ ಮರುಮಾರಾಟದ ಬೆಲೆ ಕಟ್ಟುವ ಸೂತ್ರವಿರುತ್ತದೆ. ಕೆಲವೆಡೆ ಏರಿಕೆಯನ್ನು ಹಣದುಬ್ಬರಕ್ಕೆ, ಕೆಲವೆಡೆ ಆ ಪ್ರದೇಶದ ಜನರ ಆದಾಯಕ್ಕೆ ಜೋಡಿಸಿರುತ್ತಾರೆ. ಇನ್ನು ಕೆಲವೆಡೆ ವರ್ಷಕ್ಕೆ ಇಂತಿಷ್ಟು ಎಂದು ನಿಗದಿ ಮಾಡಿರುತ್ತಾರೆ. ಶೇ 3 ಎಂದಿದ್ದರೆ ಸರಳವೋ ಚಕ್ರಬಡ್ಡಿಯ ಲೆಕ್ಕವೋ ಎಂದು ನೋಡಿ. 100 ರೂಪಾಯಿಗೆ ಕೊಂಡದ್ದು ಹತ್ತು ವರ್ಷಕ್ಕೆ ಸರಳವಾದರೆ 130, ಚಕ್ರವಾದರೆ 134.39. ಇಡೀ ಮನೆಯ ಬೆಲೆಗೆ ಗುಣಿಸಿದರೆ ಈ ನಾಲ್ಕರ ಚಿಲ್ಲರೆ ಚಿಲ್ಲರೆಯಾಗಿ ಉಳಿಯುವುದಿಲ್ಲ. ಬರುವ ಮೊತ್ತ ಗರಿಷ್ಠ ದರ, ಅಷ್ಟು ಸಿಕ್ಕೇ ಸಿಗುತ್ತದೆಂಬ ಖಾತರಿಯಲ್ಲ.

ಜಗಳ ಹುಟ್ಟುವುದು ಮನೆಗೆ ಮಾಡಿಸಿದ ಕೆಲಸದ ಲೆಕ್ಕದಲ್ಲಿ. ಬಣ್ಣ, ನಲ್ಲಿ ದುರಸ್ತಿಗಳನ್ನು ಸಾಮಾನ್ಯವಾಗಿ ನಿರ್ವಹಣೆ ಎಂದು ಬದಿಗಿಡುತ್ತಾರೆ. ಹೊಸ ಕೋಣೆ ಕಟ್ಟಿಸಿದ ಖರ್ಚನ್ನು ಬೆಲೆಗೆ ಸೇರಿಸಲು ಪೂರ್ವಾನುಮತಿಯನ್ನೂ ರಸೀದಿಗಳನ್ನೂ ಕೇಳಬಹುದು. ರಸೀದಿಯ ಅಕ್ಷರ ಮಾಸುವ ಮೊದಲೇ ನೆರಳಚ್ಚು ಮಾಡಿಸಿಡಿ.

ಆಮೇಲೆ ವಸತಿ ಕಚೇರಿಗೆ ಮಾರುವ ಇಚ್ಛೆಯನ್ನು ಬರವಣಿಗೆಯಲ್ಲಿ ತಿಳಿಸಿ, ಸ್ವೀಕೃತಿ ಪಡೆಯಿರಿ. ಮೊದಲು ಕೊಳ್ಳುವ ಹಕ್ಕು ಆಡಳಿತಕ್ಕಿದ್ದರೆ ಅದರ ಗಡುವು ಎಣಿಕೆಯಾಗುವುದು ಇಂಥ ನೋಟಿಸಿನಿಂದ, ಬಾಯಿಮಾತಿಗೆ ದಿನಾಂಕವಿಲ್ಲ. ಗರಿಷ್ಠ ದರವನ್ನೂ ಲಿಖಿತವಾಗಿಯೇ ಪಡೆಯಿರಿ.

ಕೊಳ್ಳುವವರನ್ನು ಎಲ್ಲ ಕಡೆಯೂ ನೀವೇ ಆರಿಸುವಂತಿಲ್ಲ. ಕಾಯುವವರ ಪಟ್ಟಿ ಅಥವಾ ಲಾಟರಿ ಇರಬಹುದು. ಆದಾಯ, ಬೇರೆ ಆಸ್ತಿ, ಕುಟುಂಬದ ಗಾತ್ರ, ಸ್ಥಳೀಯ ಉದ್ಯೋಗ, ಇವೆಲ್ಲ ಪರಿಶೀಲನೆಗೆ ಬರುತ್ತವೆ. ಅರ್ಹತಾ ಪತ್ರ ಕೈಗೆ ಬರುವ ತನಕ ಮುಂಗಡ ಮುಟ್ಟಬೇಡಿ.

ಗರಿಷ್ಠ ದರ ಮೀರಲು ‘ಪೀಠೋಪಕರಣಕ್ಕೆ’ ಎಂದು ಬೇರೆ ಹಣ ಕೇಳುವ ಜಾಣತನ ಹಳೆಯದು, ಕಚೇರಿಯವರಿಗೂ ಗೊತ್ತಿರುವಂಥದು. ಸಿಕ್ಕಿಬಿದ್ದರೆ ಮಾರಾಟವೇ ರದ್ದಾಗಬಹುದು.

ನಿಮ್ಮ ಸಾಲದ ಬಾಕಿ ಗರಿಷ್ಠ ದರದೊಳಗಿದೆಯೇ ಎಂದು ಬ್ಯಾಂಕಿನಿಂದ ಪತ್ರ ತರಿಸಿ. ನೋಂದಣಿಯ ದಿನ ಹೊಸ ಮಾಲೀಕರು ನಿರ್ಬಂಧ ಪತ್ರಕ್ಕೂ ಸಹಿ ಹಾಕಬೇಕಿದ್ದರೆ, ಅದರ ಕರಡನ್ನು ವಾರ ಮೊದಲೇ ಅವರಿಗೆ ಓದಲು ಕೊಡಿ.